ಹಗೇವಿನಲ್ಲಿಟ್ಟ ಹಾಯಿ

ನಾನು ಸಮುದ್ರ ಕಂಡವನಲ್ಲ. ರೋಣದ ಎರೆಹೊಲಗಳನ್ನು ದಾಟಿ ಧಾರವಾಡದ ಆಚೆಗೆ ನನ್ನ ಕಾಲು ಹೋಗಿಲ್ಲ. ಹಾಗಿದ್ದೂ ನಾಲ್ಕು ಮಳೆಗಾಲ ಒಂದು ಹಡಗಿನ ಹಾಯಿಗಳನ್ನು ನನ್ನ ಕೊಟ್ಟಿಗೆಯಲ್ಲಿ ಕಾಯ್ದೆ ಎಂದರೆ ಕೇಳಿದವರು ನಗುತ್ತಾರೆ. ನಗಲಿ. ಐದನೆಯ ಮಳೆಗಾಲದ ಮಾತು ತೆಗೆದರೆ ಆ ನಗು ತಾನಾಗಿ ನಿಲ್ಲುತ್ತದೆ.

ನಮ್ಮದು ಹತ್ತಿ ತುಂಬುವ ಅಂಡಿಗೆ, ಎತ್ತಿನ ಜೂಲು, ಡೇರೆ ಹೊಲಿಯುವ ಮನೆತನ. ನಮ್ಮೂರ ಸಾವಕಾರರ ಹತ್ತಿ ಗಾಡಿಗಳ ಮೇಲೆ ಘಟ್ಟ ಇಳಿದು ಕುಮಟೆಗೆ ಹೋಗಿ, ಅಲ್ಲಿಂದ ಒಬ್ಬ ತಂಡೇಲನ ಹಡಗಿನಲ್ಲಿ ಮುಂಬಯಿ ಸೇರುತ್ತಿತ್ತು. ತಂಡೇಲ ಅಂದರೆ ಹಡಗು ನಡೆಸುವ ಯಜಮಾನ. ಮಳೆಗಾಲದ ನಾಲ್ಕು ತಿಂಗಳು ಹಡಗನ್ನು ದಂಡೆಗೆ ಎಳೆದು ಹಾಯಿ ಬಿಚ್ಚಿಡುತ್ತಾರಂತೆ. ಕರಾವಳಿಯ ಆ ಮಳೆಯಲ್ಲಿ ಬಟ್ಟೆ ಹಾಗಿರಲಿ, ಬಾಗಿಲಿಗೂ ಬೂಷ್ಟು ಹಿಡಿಯುತ್ತದಂತೆ. ಎರಡು ವರ್ಷಕ್ಕೊಮ್ಮೆ ಹಾಯಿ ಕೊಳೆತು ಹೋಗುವುದನ್ನು ಕಂಡ ಸಾವಕಾರರು ಒಂದು ಉಪಾಯ ಹೂಡಿದರು. ಉಪ್ಪು ಹೇರಿಕೊಂಡು ಮರಳುವ ಗಾಡಿಗಳ ಮೇಲೆ ಹಾಯಿಗಳೂ ಮೇಲೆ ಬರಬೇಕು, ನಮ್ಮ ಒಣ ಸೀಮೆಯಲ್ಲಿ ಮಳೆಗಾಲ ಕಳೆಯಬೇಕು, ನೂಲ ಹುಣ್ಣಿಮೆಯ ಹೊತ್ತಿಗೆ ಕೆಳಗಿಳಿಯಬೇಕು. ಆ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಟ್ಟು ಹಡಗುಗಳು ಹೊರಡುತ್ತವೆ.

ಮೊದಲ ವರ್ಷ ತಂಡೇಲನೇ ಗಾಡಿಗಳ ಜೊತೆ ಬಂದು ಎಂಟು ದಿನ ನಮ್ಮ ಮನೆಯಲ್ಲಿದ್ದ. ಗಟ್ಟಿಮುಟ್ಟಾದ ಕಪ್ಪು ಆಳು. ಜೋಳದ ರೊಟ್ಟಿಯನ್ನು ಕಂಡು ಮುಖ ಕಿವುಚಿದರೂ ದಿನಕ್ಕೆ ಆರು ತಿಂದ. ಕೆಲಸ ಕಲಿಸುವಾಗ ಮಾತ್ರ ಅವನಿಗೆ ನಗು ಇರಲಿಲ್ಲ. ಹೊಳೆಆಲೂರಿನಲ್ಲಿ ಗಾಡಿ ನಿಲ್ಲಿಸಿ ಹಾಯಿಗಳನ್ನು ಮಲಪ್ರಭೆಯ ಮಡುವಿನಲ್ಲಿ ನೆನೆಹಾಕಬೇಕು. ಮೂರು ಸಲ ಹಿಂಡಿ, ಬಟ್ಟೆಗೆ ನಾಲಿಗೆ ಹಚ್ಚಿ ನೋಡಬೇಕು. ಉಪ್ಪು ಹತ್ತಿದರೆ ನಾಲ್ಕನೆಯ ಸಲ. ಉಪ್ಪು ಉಳಿದ ಬಟ್ಟೆ ಗಾಳಿಯಲ್ಲಿನ ತೇವವನ್ನೆಲ್ಲ ಹೀರಿ ಒಳಗೇ ಬೆವರುತ್ತದೆ. ಆಮೇಲೆ ಉಸುಕಿನ ಮೇಲೆ ಹಾಸಿ ಎರಡೂ ಮಗ್ಗುಲು ಒಣಗಿಸಿ, ಬಿದಿರಿಗೆ ಸಡಿಲಾಗಿ ಸುತ್ತಿ, ನಡುನಡುವೆ ಬೇವಿನ ಸೊಪ್ಪಿಟ್ಟು, ಜಂತಿಗೆ ತೂಗುಹಾಕಬೇಕು. ಹಗ್ಗ ಹಿಡಿದು ಇಲಿ ಇಳಿಯದ ಹಾಗೆ ಹಗ್ಗದ ನಡುವೆ ಒಂದು ಮಡಕೆಯನ್ನು ಬೋರಲು ಹಾಕಬೇಕು. ಹದಿನೈದು ದಿನಕ್ಕೊಮ್ಮೆ ಹಾಯಿ ಬಿಚ್ಚಿ ಬಟ್ಟೆಯ ಮಡಿಕೆ ಬದಲಿಸಿ ಸುತ್ತಬೇಕು.

ಕಳಿಸುವ ಮುಂಚೆ ಏಳು ಕಡೆ ಪರೀಕ್ಷೆ. ಅಂಚಿನಿಂದ ಎಳೆ ತೆಗೆದು ಜಗ್ಗಬೇಕು, ಬಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಬೇಕು. "ಜೀವ ಇದ್ದ ಬಟ್ಟೆ ಹರಿವಾಗ ಕೂಗ್ತದೆ ಉಸ್ತಾದ್ರೇ, ಸತ್ತ ಬಟ್ಟೆ ಸದ್ದೇ ಮಾಡೂದಿಲ್ಲ" ಎಂದು ತಂಡೇಲ ಹೇಳಿದ್ದ. ಎಲ್ಲ ಸರಿ ಇದ್ದರೆ ಮೂಲೆಯಲ್ಲಿ ಕೆಂಪು ದಾರದಿಂದ ಒಂದು ಹೊಲಿಗೆ. ಆ ಕೆಂಪು ದಾರ ಕಂಡರೆ ತಾನು ಮತ್ತೆ ನೋಡದೆ ಹಾಯಿ ಏರಿಸುವುದಾಗಿಯೂ ಹಡಗಿನಲ್ಲಿ ತನ್ನ ಕೂಡ ಹನ್ನೊಂದು ಜನ ಇರುವುದಾಗಿಯೂ ಹೇಳಿದ್ದ. ನನಗೆ ಅದು ಹೆಮ್ಮೆಯ ಮಾತಾಗಿ ಕೇಳಿಸಿತ್ತು.

ಐದನೆಯ ವರ್ಷ ನರಗುಂದದ ಅರಸರು ಇಂಗ್ರೇಜರ ಮೇಲೆ ತಿರುಗಿಬಿದ್ದು ಗದ್ದಲವೆದ್ದಿತು. ಗಾಡಿಗಳು ಹಾಯಿ ಹೇರಿಕೊಂಡು ಗದಗಿನ ತನಕ ಬಂದಾಗ ಹೊಳೆಯ ಕಡೆಯ ದಾರಿಗಳಲ್ಲೆಲ್ಲ ಕುದುರೆ ಸವಾರರು ತುಂಬಿದ್ದರು. ಗಾಡಿಗಳ ಹಿರಿಯನಾದ ಕಾಕಾ ಹೊಳೆಆಲೂರು ಬಿಟ್ಟು ಬೆಳವಣಕಿಯ ಮೇಲೆ ನೇರ ರೋಣಕ್ಕೆ ಹೊಡೆದುಕೊಂಡು ಬಂದ. ಹಾಯಿಗಳು ಉಪ್ಪುಪ್ಪಾಗಿಯೇ ಬಂದು ಬಿದ್ದವು. ನಮ್ಮೂರ ಬಾವಿಗಳ ನೀರು ಮೊದಲೇ ಸವಳು, ಬೇಸಿಗೆಯಲ್ಲಿ ತಳ ಕಂಡಿರುತ್ತದೆ. ಅದರಲ್ಲಿ ಹಾಯಿ ತೊಳೆಯುವುದು ಆಗದ ಮಾತು.

ಎರಡು ದಿನ ಬಿಟ್ಟು ಹೊಳೆಗೆ ಒಯ್ಯೋಣ ಎಂದುಕೊಂಡೆ. ಮರುದಿನ ಮಧ್ಯಾಹ್ನ ಪಡುವಣ ದಿಕ್ಕಿನಿಂದ ಗುಡುಗು ಕೇಳಿಸಿತು. ಆಕಾಶದಲ್ಲಿ ಮೋಡವಿರಲಿಲ್ಲ. ತೋಪಿನ ಸದ್ದು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಸಂಜೆಯೊಳಗೆ ಊರಿಗೆ ಊರೇ ಪಾತ್ರೆ ಪಡಗ ಹುಗಿಯತೊಡಗಿತು. ಫೌಜು ಬಂದರೆ ದಪ್ಪ ಬಟ್ಟೆ ಕಂಡಲ್ಲೆಲ್ಲ ಡೇರೆಗೆಂದು ಎತ್ತಿಕೊಂಡು ಹೋಗುತ್ತದೆ ಎಂಬ ಸುದ್ದಿ ಹಬ್ಬಿತ್ತು. ಸಾವಕಾರರು ಓಡೋಡಿ ನನ್ನ ಕೊಟ್ಟಿಗೆಗೆ ಬಂದರು.

"ಉಸ್ತಾದ, ಇವನ್ನ ಎಲ್ಲಿ ಮುಚ್ಚಿಡೋದೋ? ಅಟ್ಟದ ಮ್ಯಾಲ ಇಟ್ರ ಕಣ್ಣಿಗೆ ಬೀಳ್ತಾವ."

"ನಿಮ್ಮ ಹಿತ್ತಲದ ಹಗೇವು ಖಾಲಿ ಐತೆಲ್ರಿ" ಎಂದೆ ನಾನು.

"ಬಟ್ಟಿ ತಡೀತದೇನೋ ಅದರಾಗ?"

"ಜೋಳ ಆರು ವರ್ಷ ತಡೀತದ್ರಿ ಸಾವಕಾರ್ರ. ಬಟ್ಟಿ ಮೂರು ತಿಂಗಳು ತಡೆಯೂದಿಲ್ಲೇನ್ರಿ?"

ಇದು ನನ್ನ ಬಾಯಿಂದ ಬಂದ ಮಾತು. ಬೇರೆಯವರ ಮೇಲೆ ಹಾಕುವ ಹಾಗಿಲ್ಲ. ಹಗೇವು ಅಂದರೆ ನೆಲದೊಳಗಿನ ಕಾಳಿನ ಕುಣಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಒಳಗಿನ ಹೊಟ್ಟೆ ಒಂದು ಕೋಣೆಯಷ್ಟು. ಒಳಗೆ ಹುಲ್ಲು ಸುಟ್ಟು ಕಾಯಿಸಿ, ಜೋಳ ತುಂಬಿ, ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ಕಾಳು ಕೆಡುವುದಿಲ್ಲ ಎಂಬುದು ನಮ್ಮ ಸೀಮೆಯ ಕೂಸಿಗೂ ಗೊತ್ತು. ಒಣಗಿದ ಕಾಳಿಗೂ ಉಪ್ಪು ಕುಡಿದ ಬಟ್ಟೆಗೂ ಇರುವ ಅಂತರ ನನಗೂ ಗೊತ್ತಿತ್ತು, ಆದರೆ ಆ ಸಂಜೆ ನೆನಪಾಗಲಿಲ್ಲ. ನಾನೂ ಕಾಕಾನೂ ದೊಡ್ಡ ಹಾಯಿಯನ್ನು ಆ ಸಣ್ಣ ಬಾಯಿಯಲ್ಲಿ ತುರುಕಲು ಅದನ್ನು ಮಡಚಿ, ತಿರುವಿ, ಕಾಲಿನಿಂದ ಒತ್ತಿದೆವು. ಅದರ ಮೇಲೆ ಒಂದು ಮಾರು ಹುಲ್ಲು, ಹುಲ್ಲಿನ ಮೇಲೆ ಸಣ್ಣ ಹಾಯಿ. ಮಣ್ಣು ಮೆತ್ತಿ, ಮೇಲೆ ಸೆಗಣಿ ಬಳಿದು, ಎಮ್ಮೆ ಕಟ್ಟಿದೆವು.

ನರಗುಂದದ ಕೋಟೆ ಬಿತ್ತು. ಮಳೆ ಹಿಡಿಯಿತು. ಫೌಜು ಹೋಗಲಿಲ್ಲ. ಊರೂರು ತಿರುಗಿ ಕತ್ತಿ, ಕೊಡ್ಲಿ, ಬಂದೂಕು ಕೇಳುತ್ತಿದ್ದರು. ಗುಡ್ಡದ ಕೆಳಗೆ ಯಾರ್ಯಾರನ್ನೋ ಮರಕ್ಕೆ ತೂಗುಬಿಟ್ಟರೆಂದು ಸಂತೆಯಿಂದ ಬಂದವರು ಪಿಸುಗುಟ್ಟುತ್ತಿದ್ದರು. ಹಗೇವು ತೆಗೆದರೆ ಏನು ಹೂತಿದ್ದೀರಿ ಎಂದು ಕೇಳುತ್ತಾರೆ ಎಂಬ ಹೆದರಿಕೆಗೆ ಸಾವಕಾರರು ಆ ಕಡೆ ತಲೆಹಾಕಲು ಬಿಡಲಿಲ್ಲ. ಹದಿನೈದು ದಿನಕ್ಕೊಮ್ಮೆ ಮಡಿಕೆ ಬದಲಿಸಬೇಕಾದ ನಾನು ಹದಿನೈದು ದಿನಕ್ಕೊಮ್ಮೆ ಎಮ್ಮೆಯನ್ನು ನೋಡಿ ಬರುತ್ತಿದ್ದೆ.

ಆಷಾಢ ಮುಗಿಯುತ್ತ ಬಂದಾಗ ಇನ್ನು ತಡೆಯುವಂತಿಲ್ಲ ಎಂದು ಚಪ್ಪಡಿ ಸರಿಸಿದೆವು. ಮುಚ್ಚಿದ ಹಗೇವಿನ ಗಾಳಿ ಕೆಟ್ಟಿರುತ್ತದೆ, ತೆಗೆದ ಕೂಡಲೇ ಇಳಿದವರು ಸತ್ತದ್ದುಂಟು. ಅದಕ್ಕೇ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುವುದು ವಾಡಿಕೆ. ದೀಪ ಉರಿದರೆ ಮನುಷ್ಯ ಇಳಿಯಬಹುದು. ಜೋಳದ ಹಗೇವಿನಲ್ಲಿ ಒಂದು ದಿನ ಬಿಟ್ಟರೆ ದೀಪ ನಿಲ್ಲುತ್ತದೆ. ನಮ್ಮದು ಮೊದಲ ದಿನ ಕೊರಳಿನ ಬಳಿಯೇ ಆರಿತು. ಎರಡನೆಯ ದಿನವೂ ಆರಿತು. ಮೂರನೆಯ ದಿನ ಬೆಳಿಗ್ಗೆ ತಳದಲ್ಲಿ ಸಣ್ಣಗೆ ನಡುಗಿ ಆರಿದಾಗ ಕಾಕಾ ಹಗ್ಗ ಎಳೆದುಕೊಂಡು, "ಉಸ್ತಾದ, ಇದರಾಗ ಏನೋ ಸತ್ತದ" ಎಂದ. ನಾನು ಸಿಟ್ಟಿನಿಂದ ಅವನಿಗೆ ಸುಮ್ಮನಿರು ಎಂದೆ.

ನಾಲ್ಕನೆಯ ದಿನ ದೀಪ ನಿಂತಿತು, ಇಳಿದೆ. ಸಣ್ಣ ಹಾಯಿ ಹುಲ್ಲಿನ ಮೇಲೆ ಕೂತಿತ್ತು, ಒಣಗಿತ್ತು. ಹುಲ್ಲು ಸರಿಸಿದ ಮೇಲೆ ದೊಡ್ಡ ಹಾಯಿಗೆ ಕೈ ಹಚ್ಚಿದರೆ ಬಿಸಿಯಾಗಿತ್ತು. ಸಗಣಿಯ ಗುಂಡಿಯಲ್ಲಿ ಕೈಯಿಟ್ಟಂಥ ಬಿಸಿ. ಮೇಲೆ ತಂದು ಬಿಚ್ಚಿದೆವು. ಮಡಿಕೆ ಮಡಿಕೆಗೂ ಕಪ್ಪು ಚುಕ್ಕೆಗಳು, ನಡುವೆ ಮೂರು ಮೊಳದಗಲ ಬೂದು ಬಣ್ಣ. ನಾಲಿಗೆ ಹಚ್ಚಿದೆ, ಉಪ್ಪು ಹಾಗೆಯೇ ಇತ್ತು. ಸಣ್ಣದನ್ನು ಏಳು ಕಡೆ ಪರೀಕ್ಷಿಸಿದೆ, ಏಳು ಕಡೆಯೂ ಗಟ್ಟಿಯಿತ್ತು. ದೊಡ್ಡದರ ಹೊಟ್ಟೆಯ ಮೇಲೆ ಹೆಬ್ಬೆರಳು ಒತ್ತಿದೆ. ಬೆರಳು ಆಚೆ ಬಂತು. ಸದ್ದೇ ಆಗಲಿಲ್ಲ.

ಸಾವಕಾರರಿಗೆ ತೋರಿಸಿದೆ. ತೂತಿನಲ್ಲಿ ತಾವೂ ಬೆರಳು ಹಾಕಿ ನೋಡಿದರು.

"ಹೊಸದು ಹೊಲಿಬೇಕಂದ್ರ?"

"ಗಜೇಂದ್ರಗಡದಾಗ ನೇಯಿಸಿ ತರಬೇಕ್ರಿ. ಎರಡು ತಿಂಗಳು ಬೇಕು."

"ಎರಡು ತಿಂಗಳು ಹತ್ತಿ ಕಾಯೂದಿಲ್ಲ. ಕೆರಿ ತುಂಬೇತಿ, ತೊಳಿ. ಚೌಳು ಹಾಕಿ ತೊಳದ್ರ ಬೆಳ್ಳಗಾಗ್ತದ. ಗಂಜಿ ಕುಡಿಸು. ಹರಕಿಗೆ ಹಿಂದ ತ್ಯಾಪಿ ಹಚ್ಚು."

"ಅದು ಸತ್ತ ಬಟ್ಟಿರಿ, ಸಾವಕಾರ್ರ. ಗಾಳಿಗೆ ನಿಲ್ಲೂದಿಲ್ಲ."

ಅವರು ದನಿ ಏರಿಸಲಿಲ್ಲ. "ಹಗೇವಿನಾಗ ಇಡ್ರಿ ಅಂದಾಂವ ಯಾರು, ಉಸ್ತಾದ?" ಎಂದರು.

ಮೂರು ದಿನ ನನ್ನ ವಿದ್ಯೆಯನ್ನೆಲ್ಲ ಖರ್ಚುಮಾಡಿದೆ. ಕೆರೆಯಲ್ಲಿ ತೊಳೆದೆ, ಚೌಳಿನಲ್ಲಿ ನೆನೆಸಿದೆ, ಬಿಸಿಲು ಕಂಡಾಗಲೆಲ್ಲ ಹರವಿದೆ. ಅಕ್ಕಿ ಗಂಜಿಯನ್ನು ಎರಡು ಪದರ ಎಳೆದೆ. ತೂತುಗಳಿಗೆ ಹಿಂದಿನಿಂದ ಸಣ್ಣ ಹೊಲಿಗೆಯ ತೇಪೆ ಹಾಕಿದೆ. ಬೆರಳಿನಿಂದ ಬಡಿದರೆ ತಮಟೆಯಂತೆ ನುಡಿಯಿತು. ಐದು ವರ್ಷದಲ್ಲಿ ಆ ಹಾಯಿ ಅಷ್ಟು ಚೆಂದ ಕಂಡಿರಲಿಲ್ಲ. ಕೊನೆಗೆ ಮೂಲೆಯಲ್ಲಿ ಕೆಂಪು ದಾರದ ಹೊಲಿಗೆಯನ್ನೂ ಹಾಕಿದೆ. ಆ ಒಂದು ಹೊಲಿಗೆಗೆ ಸೂಜಿಯಲ್ಲಿ ದಾರ ಪೋಣಿಸಲು ಎಷ್ಟು ಹೊತ್ತು ಹಿಡಿಯಿತೆಂದು ಹೇಳಲು ನಾಚಿಕೆಯಾಗುತ್ತದೆ.

ಗಾಡಿ ಹೊರಡುವಾಗ ಕಾಕಾನ ಕಿವಿಯಲ್ಲಿ ಹೇಳಲು ಹೋದೆ. ಅವನು ಕೈಯಡ್ಡ ಹಿಡಿದ. "ನನಗೇನೂ ಹೇಳಬ್ಯಾಡ ಉಸ್ತಾದ. ನಾ ಗಾಡಿ ಹೊಡಿಯಾಂವ. ಸಾವಕಾರ್ರು ಹೇಳಿದ್ದ ಒಯ್ತೀನಿ, ಹೇಳಿದ್ದ ಅಂತೀನಿ." ಎತ್ತುಗಳು ಕೆಸರು ತುಳಿಯುತ್ತ ನರಗುಂದದ ದಾರಿ ಹಿಡಿದವು. ಸರಕು ದಾಟಿಸಲು ಅಲ್ಲಿಯ ಚೌಕಿಯಲ್ಲಿ ರಹದಾರಿ ಚೀಟಿ ತೆಗೆಯಬೇಕಿತ್ತು.

ಮರುದಿನ ಊಟಕ್ಕೆ ಕೂತೆ. ತುತ್ತು ಇಳಿಯಲಿಲ್ಲ. ಹೆಂಡತಿ ನೀರು ಮುಂದಿಟ್ಟು, "ಆ ಕಡಲ ಮನಶ್ಯಾ ಆರು ರೊಟ್ಟಿ ತಿಂತಿದ್ನಲ್ರಿ, ಅಂವಗ ಮಕ್ಕಳೆಷ್ಟ್ರಿ?" ಎಂದು ಕೇಳಿದಳು.

"ನನಗೇನ ಗೊತ್ತು" ಎಂದೆ. ಗೊತ್ತಿತ್ತು. ನಾಲ್ಕು.

"ಸಾವಕಾರ್ರು ಅಂದ್ರು, ನೀವು ಮಾಡಿದ್ರಿ. ಈಗ ಊಟ ಬಿಟ್ರ ಆ ಬಟ್ಟಿ ಗಟ್ಟಿ ಆಗ್ತದೇನ್ರಿ?" ಎಂದಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ತಾಗಿತು. ಎದ್ದು ಕೈ ತೊಳೆದು, ಅಪ್ಪನ ಕಾಲದ ದೊಡ್ಡ ಕತ್ತರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆದೆ. ಗಾಡಿಗಳು ನಿಂತಲ್ಲಿ ಯಾರಿಗೂ ಕೇಳದೆ ಆ ಹಾಯಿಯನ್ನು ಮೇಲಿಂದ ಕೆಳಗೆ ಕತ್ತರಿಸಿಬಿಡುವುದು ನನ್ನ ಎಣಿಕೆ. ತೇಪೆ ಹಾಕಲಾರದಂತೆ ಕತ್ತರಿಸಬೇಕು. ಆಮೇಲಿನದು ಆಮೇಲೆ.

ಎರೆಮಣ್ಣಿನ ಕೆಸರು ಮೊಣಕಾಲಿನ ತನಕ ಹತ್ತಿಕೊಂಡು ಪ್ರತಿ ಹೆಜ್ಜೆಗೂ ಕಾಲು ಕಿತ್ತಿಡಬೇಕು. ದಾರಿಯ ಹಳ್ಳಿಯೊಂದರ ಮಸೀದಿಯಲ್ಲಿ ಮಲಗಿ, ಮಾರನೆಯ ದಿನ ಮುಂಜಾನೆ ನರಗುಂದದ ಗುಡ್ಡ ಕಂಡೆ. ಮೇಲಿನ ಕೋಟೆಯ ಮೇಲೆ ಹದ್ದುಗಳು ಸುತ್ತುತ್ತಿದ್ದವು. ಊರ ಬಾಗಿಲಲ್ಲೇ ಇಬ್ಬರು ಸಿಪಾಯಿಗಳು ತಡೆದರು. ಸೊಂಟದ ಕತ್ತರಿ ಕಂಡದ್ದೇ ಇಬ್ಬರೂ ಬಂದೂಕು ಎತ್ತಿದರು. ಆ ವರ್ಷ ಹರಿತವಾದ ಕಬ್ಬಿಣ ಇಟ್ಟುಕೊಂಡವನೆಲ್ಲ ಬಂಡಖೋರನೇ. ನಾನು ಹೊಲಿಯುವವನು ಎಂದು ಹಿಂದೂಸ್ತಾನಿಯಲ್ಲಿ ಎಷ್ಟು ಹೇಳಿದರೂ ಕತ್ತರಿಯನ್ನು ಕಸಿದು ಒಂದು ರಾಶಿಯ ಮೇಲೆ ಎಸೆದರು. ಒಳಗೆ ಹೋಗಲು ಬಿಟ್ಟದ್ದೇ ಪುಣ್ಯ.

ಚೌಕಿಯ ಮುಂದೆ ನಮ್ಮ ಗಾಡಿಗಳು ನಿಂತಿದ್ದವು. ದೊಡ್ಡ ಹಾಯಿಯನ್ನು ಕೆಳಗೆ ಎಳೆದು ಅರ್ಧ ಬಿಚ್ಚಿದ್ದರು. ಉತ್ತರದ ಕಡೆಯ ಒಬ್ಬ ಜಮಾದಾರ ಅದರ ಸುತ್ತ ತಿರುಗುತ್ತಿದ್ದ. ಕಾಕಾ ಎರಡೂ ಕೈಯೆತ್ತಿ ಗಾಳಿ, ನೀರು, ಹಡಗು ಎಂದು ಕನ್ನಡದಲ್ಲಿ ಅಭಿನಯಿಸುತ್ತಿದ್ದ. ಜಮಾದಾರನಿಗೆ ಒಂದಕ್ಷರ ತಿಳಿದಿರಲಿಲ್ಲ. ನನ್ನನ್ನು ಕಂಡು ಕಾಕಾನ ಮುಖ ಅರಳಿತು.

"ದೇವರು ಬಂದ್ಹಂಗ ಬಂದಿ, ಉಸ್ತಾದ. ಇದು ಹಾಯಿ, ಡೇರೆ ಅಲ್ಲ ಅಂತ ಇವಂಗ ಅವನ ಮಾತಿನಾಗ ಹೇಳು. ಡೇರೆ ಅಂದ್ರ ಇಟ್ಕೋತಾನಂತ."

ಜಮಾದಾರ ನನ್ನ ಕಡೆ ತಿರುಗಿ, ಇದೇನು, ಇದನ್ನು ಹೊಲಿದವರು ಯಾರು ಎಂದು ಕೇಳಿದ. ಒಂದು ಮಾತು ಹೇಳಿದರೆ ಚೀಟಿ ಸಿಗುತ್ತಿತ್ತು. ನಾನೂ ಗಾಡಿಯ ಹಿಂದೆ ಹತ್ತಿ ಘಟ್ಟದ ತನಕ ಹೋಗಿ ಇನ್ನೇನಾದರೂ ಮಾಡಬಹುದಿತ್ತು. ಆದರೆ ಕೈಯಲ್ಲಿ ಕತ್ತರಿ ಇರಲಿಲ್ಲ, ಕಾಕಾ ಹಾಯಿಯ ಮೇಲೆಯೇ ಮಲಗುವ ಆಳು, ಮತ್ತು ನನ್ನ ಧೈರ್ಯ ಇನ್ನೊಂದು ದಿನ ನಿಲ್ಲುತ್ತದೆಂದು ನನಗೇ ನಂಬಿಕೆ ಇರಲಿಲ್ಲ.

"ಡೇರಾ ಹೈ, ಹುಜೂರ್. ಹೊಲಿದವನು ನಾನೇ" ಎಂದೆ.

ಆ ಒಂದು ಶಬ್ದ ಕಾಕಾನಿಗೂ ತಿಳಿಯಿತು. "ಹುಚ್ಚ ಹಿಡೀತೇನೋ ನಿನಗ?" ಎಂದು ಮುಂದೆ ಬಂದ. ಸಿಪಾಯಿ ಅವನನ್ನು ಹಿಂದೆ ನೂಕಿದ. ಯಾರಿಗಾಗಿ ಇಷ್ಟು ದೊಡ್ಡ ಡೇರೆ ಎಂದು ಜಮಾದಾರ ಕೇಳಿದ. ಅದಕ್ಕೆ ಉತ್ತರ ಯೋಚಿಸಿಕೊಂಡು ನಾನು ಬಂದಿರಲಿಲ್ಲ. ಮಾರುವುದಕ್ಕೆ ಹೊಲಿದೆ, ಯಾರು ಕೊಂಡರೂ ಆದೀತು ಎಂದೆ. ಯಾರು ಕೊಂಡರೂ ಎಂದರೆ ಬಂಡಖೋರರೂ ಎಂದಾಯಿತು, ಅದಕ್ಕಿಂತ ಕೆಟ್ಟ ಉತ್ತರ ಆ ಊರಲ್ಲಿ ಆ ವರ್ಷ ಇರಲಿಲ್ಲ. ನನ್ನ ಕೈ ಹಿಂದಕ್ಕೆ ಕಟ್ಟಿದರು. ಸಣ್ಣ ಹಾಯಿ ಮತ್ತು ಉಳಿದ ಸರಕಿಗೆ ಚೀಟಿ ಕೊಟ್ಟು ಗಾಡಿಗಳನ್ನು ಹೊಡೆದು ಓಡಿಸಿದರು. ಕಾಕಾ ತಿರುಗಿ ನನ್ನತ್ತ ಉಗಿದ.

ಹಾಳು ಬಿದ್ದ ಲಾಯದಲ್ಲಿ ನನ್ನನ್ನು ಕೂಡಿಹಾಕಿದರು. ಗೋಡೆಯ ಸಂದಿನಿಂದ ಅಂಗಳ ಕಾಣುತ್ತಿತ್ತು. ಅಂಗಳದ ಆಚೆ ಒಂದು ಹುಣಸೆಮರ, ಅದರ ಕೊಂಬೆಯಲ್ಲಿ ಉದ್ದನೆಯ ಹಗ್ಗದ ತುಂಡು ಹಾಗೇ ಉಳಿದಿತ್ತು. ನಾಳೆ ದೊಡ್ಡ ಸಾಹೇಬ ಬರುತ್ತಾನೆ, ಯಾರ ಡೇರೆ ಎಂದು ಅವನೇ ಕೇಳುತ್ತಾನೆ ಎಂದು ಕಾವಲಿನವನು ಹೇಳಿದ. ನನಗೆ ಹೆದರಿಕೆಯಾಯಿತು. ಧೈರ್ಯವಂತರ ಕಥೆಗಳಲ್ಲಿ ಹೇಳುವ ಶಾಂತಿ ಗೀಂತಿ ನನಗೇನೂ ಬರಲಿಲ್ಲ. ತಂಡೇಲ ತನ್ನ ಪಾಡಿಗೆ ಸತ್ತಿದ್ದರೆ ಆಗುತ್ತಿತ್ತಲ್ಲ ಎಂಬ ವಿಚಾರವೂ ಬಂದು ಹೋಯಿತು. ಬಂದದ್ದು ನಿಜ, ಬರೆಯುತ್ತೇನೆ.

ಸಿಪಾಯಿಗಳು ಹಾಯಿಯನ್ನು ನಾಲ್ಕು ಬಿದಿರು ನೆಟ್ಟು ಅಂಗಳದಲ್ಲಿ ಏರಿಸಿದರು. ಗಂಜಿಯ ಬಿಳುಪಿಗೆ ಕಣ್ಣು ಕುಕ್ಕುತ್ತಿತ್ತು. ಜಮಾದಾರ ತನ್ನ ಮಂಚ, ಗೋಧಿ ಹಿಟ್ಟಿನ ಚೀಲ, ಬಂದೂಕಿನ ಮದ್ದಿನ ಪೆಟ್ಟಿಗೆ ಎಲ್ಲವನ್ನೂ ಅದರ ಕೆಳಗೆ ಸಾಗಿಸಿದ. ಮರುದಿನ ಮಧ್ಯಾಹ್ನ ಮೋಡ ಕವಿದು ಮಳೆ ಸುರಿಯಿತು. ಡೇರೆಗೆ ಇಳಿಜಾರು ಬೇಕು, ಹಾಯಿಗೆ ಅದಿಲ್ಲ. ನೀರು ನಡುವೆ ನಿಂತು ಬಟ್ಟೆ ಹೊಟ್ಟೆಬಿಟ್ಟಿತು. ಗಂಜಿ ಬಿಳಿ ನೀರಾಗಿ ತೊಟ್ಟಿಕ್ಕತೊಡಗಿತು. ನಾನು ಸಂದಿಗೆ ಕಣ್ಣಿಟ್ಟು ನೋಡುತ್ತಲೇ ಇದ್ದೆ. ಅದು ಹರಿದದ್ದು ನನ್ನ ಕಿವಿಗೆ ಬೀಳಲೇ ಇಲ್ಲ. ಈ ತುದಿಯಿಂದ ಆ ತುದಿಗೆ ಬಾಯಿ ತೆರೆಯಿತು, ಕೊಳಗಟ್ಟಲೆ ನೀರು ಜಮಾದಾರನ ಮೇಲೂ ಹಿಟ್ಟಿನ ಮೇಲೂ ಮದ್ದಿನ ಮೇಲೂ ಒಮ್ಮೆಲೇ ಬಿತ್ತು. ಆಮೇಲೆ ಕೇಳಿಸಿದ್ದು ಬೈಗಳು.

ಇದು ಗಾಳಿಯಿಲ್ಲದ ಬರೀ ಮಳೆ. ಕಡಲಿನ ನಡುವೆ, ಗಾಳಿಯಲ್ಲಿ, ಹನ್ನೆರಡು ಜನ ತಲೆಯೆತ್ತಿ ನೋಡುತ್ತಿದ್ದರೆ ಹೇಗಿರುತ್ತಿತ್ತು ಎಂದು ಯೋಚಿಸಿದೆ. ಅಲ್ಲೇ ಲದ್ದಿಯಲ್ಲಿ ಕೂತು ಅತ್ತೆ.

ನನ್ನನ್ನು ಎಳೆದು ತಂದರು. ಜಮಾದಾರನ ಮೀಸೆಯಿಂದ ಹಿಟ್ಟು ಸೋರುತ್ತಿತ್ತು. ಎರಡು ಏಟು ಕೊಟ್ಟ. ಆಮೇಲೆ ಹರಕು ಬಟ್ಟೆಯನ್ನು ನನ್ನ ಮುಖಕ್ಕೆ ಹಿಡಿದು, ಇಂಥ ಡೇರೆ ಕೊಳ್ಳುವ ಬಂಡಖೋರ ಭೂಮಿಯ ಮೇಲೆ ಹುಟ್ಟಿಲ್ಲ, ನೀನು ಬರೀ ಕಳ್ಳ ದರ್ಜಿ ಎಂದ. ಸಿಪಾಯಿಗಳು ನಕ್ಕರು. ಸಾಹೇಬನ ಮುಂದೆ ಈ ಕತೆ ಹೇಳಿದರೆ ತನ್ನ ಮದ್ದು ತೊಯ್ದ ಸುದ್ದಿಯೂ ಹೊರಬೀಳುತ್ತದೆಂದು ಅವನಿಗೆ ಹೊಳೆದಿರಬೇಕು. ಸಾಹೇಬ ಬಂದು ಮುಟ್ಟುವ ಮೊದಲೇ ನನ್ನನ್ನು ಊರ ಹೊರಗೆ ನೂಕಿಸಿದ. ಅಪ್ಪನ ಕತ್ತರಿ ಸಿಗಲಿಲ್ಲ.

ರೋಣದಲ್ಲಿ ನನಗಿಂತ ಮೊದಲು ಸುದ್ದಿ ಮುಟ್ಟಿತ್ತು. ಉಸ್ತಾದನ ಡೇರೆ ಒಂದು ಮಳೆ ತಡೆಯಲಿಲ್ಲ ಎಂದು ಜಕ್ಕಲಿಯ ಸಂತೆಯವರೂ ಆಡಿಕೊಂಡರು. ಸಾವಕಾರರು ತಾವು ನನಗೆ ಬಿಟ್ಟುಕೊಟ್ಟಿದ್ದ ಕೊಟ್ಟಿಗೆಯ ಬೀಗ ಬದಲಿಸಿದರು, ಅಂಡಿಗೆ ಹೊಲಿಯುವ ಕೆಲಸ ಬೇರೆಯವರಿಗೆ ಹೋಯಿತು. ಖರೇ ಸಂಗತಿ ಹೇಳಿದರೆ ಕೆಂಪು ದಾರದ ಸಂಗತಿಯನ್ನೂ ಹೇಳಬೇಕಾಗುತ್ತಿತ್ತು. ಹೇಳಲಿಲ್ಲ. ನಾನೂ ನನ್ನ ಹೆಂಡತಿಯೂ ಮನೆಮನೆಗೆ ಕೌದಿ ಹೊಲಿದು ಹೊಟ್ಟೆ ಹೊರೆದೆವು.

ದೀಪಾವಳಿ ಕಳೆದು ಗಾಡಿಗಳು ಉಪ್ಪು ಹೇರಿಕೊಂಡು ಬಂದವು. ಕಾಕಾ ನನ್ನ ಮನೆಯ ಮುಂದೆ ಹಾದು ಹೋಗುವವನಿದ್ದ. ನಾನು ಎತ್ತಿನ ಮೂಗುದಾರ ಹಿಡಿದು ನಿಲ್ಲಿಸಿದೆ.

"ತಂಡೇಲ ಸಿಕ್ಕಿದ್ನೇನು, ಕಾಕಾ?"

"ಸಿಗದ ಏನು. ಯಾರದೋ ಹಳೇ ಹಾಯಿ ಬೇಡಿ ತಂದು ಕಟ್ಕೊಂಡು, ಎಲ್ಲಾರಕಿಂತ ಹಿಂದ ಹೋಗಿ ಬಂದ. ಹಾದಿಯಾಗ ದೊಡ್ಡ ಗಾಳಿ ಎದ್ದಿತ್ತಂತ. ನಿನ್ನ ಹೆಸರು ತಗದ್ರ ಉರದ ಬೀಳ್ತಾನ. ಮನ್ಯಾಗ ಉಣ್ಣಿಸಿದಾಂವ, ನನ್ನ ಹಾಯಿ ಫೌಜಿಗೆ ಮಾರ್ಕೊಂಡ ಹರಾಮಖೋರ ಅಂದ. ಇನ್ನ ಮ್ಯಾಲ ಅವನ ಚಿಂದೀನೂ ನಿನ್ನ ಊರಿಗೆ ಬರೂದಿಲ್ಲಂತ."

"ಅಂವನ ಅಂದ್ನೇನು? ಅವನ ಬಾಯಿಲೆ ಕೇಳಿದಿ?"

"ಎದುರಿಗೆ ನಿಂತು ಕೇಳೇನಿ. ಒಂದು ತಾಸು ಬೈದ."

"ಭಾಳ ಬೈದ?"

"ಭಾಳ ಬೈದ."

ಮೂಗುದಾರ ಬಿಟ್ಟೆ. ಒಳಗೆ ಬಂದು ಹೆಂಡತಿಗೆ ಊಟಕ್ಕೆ ಹಾಕು ಎಂದೆ. ಅವಳು ಎರಡು ರೊಟ್ಟಿ ಹಾಕಿದಳು. ಇನ್ನೆರಡು ಕೇಳಿ ಹಾಕಿಸಿಕೊಂಡೆ.